ಬ್ರೋಮೋದಲ್ಲಿ ಕುದುರೆ ಹತ್ತಬೇಕಾ ಬೇಡ್ವಾ? ಡೊಂಬಿವಲಿಯ ಅಕ್ಕಾವ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಮೂಲ ಗದಗ ಕಡೆಯವ್ರು, ಡೊಂಬಿವಲಿಗೆ ಬಂದು 27 ವರ್ಷ ಆಯ್ತು. ದೀಪಾವಳಿ ರಜೆಗೆ ಮಗ ಬಾಲಿ ಟ್ರಿಪ್ ಬುಕ್ ಮಾಡಿದಾನೆ, ಅದ್ರಲ್ಲೇ ಎರಡು ದಿನ ಜಾವಾದ ಬ್ರೋಮೋ, ಅದು ಜ್ವಾಲಾಮುಖಿ ಇರೋ ನ್ಯಾಷನಲ್ ಪಾರ್ಕ್ ಅಂತೆ, ಅಲ್ಲಿ ಗೈಡ್ ಜೊತೆ ಕುದುರೆ ಮೇಲೆ ಕೂತು ಮರಳು ದಾಟಿ ಬೆಟ್ಟದ ಬುಡದ ತನಕ ಹೋಗೋದು, ಮೂರೂ ಜನಕ್ಕೆ ದುಡ್ಡು ಕಟ್ಟಿ ಆಗಿದೆ. ನಂಗೆ 56 ವಯಸ್ಸು, 59 ಕೆಜಿ. ನಮ್ಮ ಮನೆಯವರಿಗೆ 63, ತೂಕ 88, ಚಳಿಗೆ ಉಬ್ಬಸ ಬರತ್ತೆ, ಪಂಪ್ ಇಟ್ಕೊಂಡಿರ್ತಾರೆ, ಎರಡು ವರ್ಷದ ಹಿಂದೆ ಸ್ಟೆಂಟ್ ಬೇರೆ ಹಾಕಿದಾರೆ. ಹಿಂದೊಮ್ಮೆ ಮಾಥೆರಾನ್‌ನಲ್ಲಿ ನಾನು ಕೂತಿದ್ದ ಕುದುರೆಯ ಜೀನು ಪೂರ್ತಿ ಒಂದು ಕಡೆಗೆ ಜಾರಿಬಿಡ್ತು, ಕುದುರೆಯವನು ಹಿಡ್ಕೊಂಡ ಅಂತ ಬಚಾವಾದೆ, ಆವತ್ತಿಂದ ಭಯ. ಈಗ ಒಬ್ರು ಹೇಳ್ತಾರೆ ಗಂಧಕದ ವಾಸನೆಗೆ ಕುದುರೆ ಹುಚ್ಚೆದ್ದು ಓಡತ್ತೆ ಅಂತ, ಇನ್ನೊಬ್ರು ಹೇಳ್ತಾರೆ ಜ್ವಾಲಾಮುಖಿ ಸಿಡಿಯೋದು ಕುದುರೆಗೆ ಮೊದಲೇ ಗೊತ್ತಾಗತ್ತೆ, ಅದಕ್ಕೇ ಕುದುರೆ ಮೇಲಿದ್ರೆ ಸೇಫ್ ಅಂತ. ಮಗ ಅಂತೂ "ಹಗ್ಗ ಅವರ ಕೈಲೇ ಇರತ್ತಮ್ಮ, ಏನಾಗಲ್ಲ" ಅಂತಾನೆ. ಸಣ್ಣ ಸಣ್ಣ ಕುದುರೆ ಅವು, ನಮ್ಮ ಭಾರ ಹೊರಿಸೋದು ಪಾಪ ಅಲ್ವಾ ಅನ್ನೋದು ಇನ್ನೊಂದು ಕೊರೆತ. ಹೋಗಬಹುದಾ ನಾವು?

ಉತ್ತರ: ಅಕ್ಕಾವ್ರೇ, ನಮಸ್ಕಾರ. ನೀವು ಒಂದೇ ಪತ್ರದಲ್ಲಿ ನಾಲ್ಕು ಭಯ ಸೇರಿಸಿ ಕಟ್ಟಿ ಕಳಿಸಿದೀರಿ, ಸಿಡಿಯೋ ಬೆಟ್ಟದ ಭಯ, ಗ್ಯಾಸಿನ ಭಯ, ಬೀಳೋ ಭಯ, ಪಾಪದ ಭಯ, ಇದ್ರಲ್ಲಿ ನೀವು ಜಾಸ್ತಿ ಹೆದರಿರೋದು ಕಮ್ಮಿ ಹೆದರಬೇಕಾದ್ದಕ್ಕೆ, ಮತ್ತೆ ಒಂದೇ ಸಾಲಲ್ಲಿ ಹೇಳಿ ಮುಗಿಸಿರೋ ಸ್ಟೆಂಟ್ ಮತ್ತು 88 ಕೆಜಿ ಇದೆಯಲ್ಲ, ನನ್ನ ಕಣ್ಣು ನಿಂತಿದ್ದೇ ಅಲ್ಲಿ. ನಾನು ಕುದುರೆ ಡಾಕ್ಟರು, ಮನುಷ್ಯರ ಡಾಕ್ಟರಲ್ಲ, ಪುಣೆಯಲ್ಲಿ 26 ವರ್ಷದಿಂದ ಕುದುರೆ ನೋಡ್ತಿದೀನಿ, ಸವಾರಿಯನ್ನೂ ಕಲಿಸ್ತೀನಿ, ಹಂಗಾಗಿ ಯಜಮಾನ್ರ ಎದೆ ವಿಷಯದಲ್ಲಿ ನಾನು ಹೇಳೋದನ್ನ ನಿಮ್ಮ ಹಾರ್ಟ್ ಡಾಕ್ಟರ ಹತ್ರ ಒಮ್ಮೆ ಕೇಳಿ ಪಕ್ಕಾ ಮಾಡ್ಕೊಳ್ಳಿ. ಬ್ರೋಮೋಗೆ ನಾನೂ ಹೋಗಿ ಬಂದಿದೀನಿ, ಆದ್ರೆ ಅಲ್ಲಿ ಹೋಗಿ ಸೂರ್ಯೋದಯ ನೋಡೋದು ಬಿಟ್ಟು ಕುದುರೆಗಳ ಗೊರಸು ನೋಡ್ತಾ ನಿಂತಿದ್ದೆ ಅಂತ ಮನೇಲಿ ಇವತ್ತಿಗೂ ಬೈತಾರೆ.

ಮೊದಲು ಜಾಗ ಹೆಂಗಿದೆ ಹೇಳಿಬಿಡ್ತೀನಿ, ಅರ್ಧ ಭಯ ಅಲ್ಲೇ ಇಳಿಯತ್ತೆ. ಬ್ರೋಮೋ ತೆಂಗರ್ ಸೆಮೇರು ಅಂತ ಪಾರ್ಕಿನ ಪೂರ್ತಿ ಹೆಸರು, 1982ರಲ್ಲಿ ಘೋಷಣೆ ಮಾಡಿದ್ದು, ಪೂರ್ವ ಜಾವಾದಲ್ಲಿದೆ, ಸುಮಾರು 50 ಸಾವಿರ ಹೆಕ್ಟೇರು. ಯಾವುದೋ ಕಾಲದಲ್ಲಿ ದೊಡ್ಡದೊಂದು ಜ್ವಾಲಾಮುಖಿ ಸಿಡಿದು ಒಳಗೆ ಕುಸಿದು ದೊಡ್ಡ ಪರಾತದ ಥರ ಆಗಿದೆ, ಆ ಪರಾತದ ತಳಾನೇ ನೀವು ಹೇಳಿದ ಮರಳು, ನಿಜಕ್ಕೂ ಅದು ಹೊಳೆ ಮರಳಲ್ಲ, ಜ್ವಾಲಾಮುಖಿ ಉಗುಳಿದ ಬೂದಿ ಮತ್ತು ಪುಡಿಗಲ್ಲು. ಅದರ ನಡುವೆ ಮತ್ತೆ ಸಣ್ಣ ಬೆಟ್ಟಗಳು ಎದ್ದಿವೆ, ಒಂದು ಬ್ರೋಮೋ, 2,329 ಮೀಟರ್, ಹೊಗೆ ಬಿಡ್ತಾನೇ ಇರತ್ತೆ, ಪಕ್ಕದಲ್ಲಿ ಬಾತೋಕ್ ಅಂತ ನೆರಿಗೆ ನೆರಿಗೆ ಇರೋ ಬೆಟ್ಟ, ಅದು ಹೊಗೆ ಬಿಡಲ್ಲ, ಫೋಟೋದಲ್ಲಿ ಎಲ್ಲರೂ ಅದನ್ನೇ ಬ್ರೋಮೋ ಅಂದ್ಕೋತಾರೆ. ದೂರದಲ್ಲಿ ಸೆಮೇರು, 3,676 ಮೀಟರ್, ಜಾವಾದಲ್ಲೇ ಎತ್ತರದ್ದು. ಬ್ರೋಮೋ ಅನ್ನೋ ಹೆಸರು ಬಂದಿರೋದೇ ನಮ್ಮ ಬ್ರಹ್ಮನಿಂದ. ಅಲ್ಲಿನ ತೆಂಗರ್ ಜನ ಹಿಂದೂಗಳು, ಮರಳಿನ ಮಧ್ಯೆ ಅವರದ್ದೊಂದು ದೇವಸ್ಥಾನ ಇದೆ, ಪುರಾ ಲುಹುರ್ ಪೋತೆನ್ ಅಂತ, ಮೇಲೆ ಕ್ರೇಟರ್, ಅಂದ್ರೆ ಹೊಗೆ ಬರೋ ಬೆಟ್ಟದ ಬಾಯಿ, ಅದರ ಅಂಚಲ್ಲಿ ಒಬ್ಬ ಗಣಪತೀನೂ ಕೂತಿದಾನೆ. ಇಂಡೋನೇಷ್ಯಾ ಭಾಷೆಯಲ್ಲಿ ಕುದುರೆಗೆ ಕುಡಾ ಅಂತಾರೆ, ಕೇಳೋಕೆ ನಮ್ಮ ಕುದುರೆ ಥರಾನೇ, ನಂಗೆ ಅದು ಕೇಳಿ ಭಾರೀ ಖುಷಿ ಆಗಿತ್ತು.

ಎತ್ತರಕ್ಕೆ ಹೆದರಬೇಡಿ, ಮರಳಿನ ತಳ ಹೆಚ್ಚುಕಮ್ಮಿ ಊಟಿ ಎತ್ತರಕ್ಕೇ ಇದೆ. ಆದ್ರೆ ಚಳಿ ಮಾತ್ರ ಊಟಿ ಡಿಸೆಂಬರ್ ಬೆಳಗಿನ ಜಾವದ ಚಳಿ, ಬಾಲಿಯ ಸೆಕೆಯಿಂದ ಸೀದಾ ಅಲ್ಲಿಗೆ ಹೋದ್ರೆ ಉಬ್ಬಸ ಇದ್ದವ್ರಿಗೆ ಎದೆ ಹಿಡ್ಕೊಳ್ಳತ್ತೆ. ಇನ್ನು ಜ್ವಾಲಾಮುಖಿ ಅಂದ್ರೆ ಏನೋ ಬೇರೆ ಲೋಕ ಅಂತೀರಲ್ಲ, ನೀವು 27 ವರ್ಷದಿಂದ ಬದುಕ್ತಿರೋದೇ ಲಾವಾ ಮೇಲೆ. ಮುಂಬೈ, ಪುಣೆ, ಮಹಾರಾಷ್ಟ್ರದ ಸಹ್ಯಾದ್ರಿ ಹೆಚ್ಚುಕಮ್ಮಿ ಪೂರ್ತಿ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಪದರಗಳು, ಅಂಧೇರಿಯ ಗಿಲ್ಬರ್ಟ್ ಹಿಲ್ಲು ಲಾವಾ ತಣ್ಣಗಾಗಿ ಕಂಬಕಂಬ ಆಗಿ ನಿಂತಿದ್ದು, ಬೊರಿವಲಿ ನ್ಯಾಷನಲ್ ಪಾರ್ಕಲ್ಲಿ ಕಾನ್ಹೇರಿ ಗುಹೆ ನೋಡಿರ್ತೀರಲ್ಲ, ಅದನ್ನ ಕೆತ್ತಿರೋದೂ ಜ್ವಾಲಾಮುಖಿ ಕಲ್ಲಲ್ಲೇ. ವ್ಯತ್ಯಾಸ ಏನಪ್ಪಾ ಅಂದ್ರೆ ನಮ್ಮದು ಸತ್ತಿದೆ, ಅವರದ್ದು ಬದುಕಿದೆ.

ಬದುಕಿದೆ ಅನ್ನೋದನ್ನ ಮುಚ್ಚಿಡಲ್ಲ. 2004 ಜೂನ್‌ನಲ್ಲಿ ಬ್ರೋಮೋ ಇದ್ದಕ್ಕಿದ್ದಂಗೆ ಸಿಡಿದು ಕಲ್ಲು ಹಾರಿ ಇಬ್ಬರು ತೀರ್ಕೊಂಡ್ರು. ಆಮೇಲೆ 2010, 2015-16, 2019ರಲ್ಲೂ ಬೂದಿ ಎಬ್ಬಿಸಿದೆ. ಅಲ್ಲಿನ ಸರ್ಕಾರ ನಾಲ್ಕು ಲೆವೆಲ್ಲಿನ ಎಚ್ಚರಿಕೆ ಇಟ್ಕೊಂಡಿದೆ, ಒಂದನೇದು ನಾರ್ಮಲ್, ಎರಡನೇದು ವಸ್ಪಾದಾ, ಮೂರು ಸಿಯಾಗಾ, ನಾಲ್ಕು ಆವಾಸ್, ಮಾಗ್ಮಾ ಇಂಡೋನೇಷ್ಯಾ ಅನ್ನೋ ಅವರ ಸೈಟಲ್ಲಿ ಆವತ್ತಿನ ಲೆವೆಲ್ ಸಿಗತ್ತೆ. ಬ್ರೋಮೋ ವರ್ಷಗಟ್ಟಲೆ ಎರಡರಲ್ಲೇ ಕೂತಿದ್ದೂ ಇದೆ, ಆಗೆಲ್ಲ ಅವರು ಹೇಳೋದು ಕ್ರೇಟರಿನಿಂದ 1 ಕಿಲೋಮೀಟರ್ ಒಳಗೆ ಯಾರೂ ಹೋಗಬೇಡಿ ಅಂತ. ಈಗ ಇಲ್ಲಿ ಗಮನ ಕೊಡಿ, ಕುದುರೆ ನಿಮ್ಮನ್ನ ಇಳಿಸೋದು ಕ್ರೇಟರ್ ಅಂಚಿಗೆ ಹತ್ತೋ ಮೆಟ್ಟಿಲ ಬುಡದಲ್ಲಿ, ಆ ಬುಡ ಇರೋದೇ ಆ 1 ಕಿಲೋಮೀಟರ್ ಒಳಗೆ! ಟೂರಿನವರು ಇದನ್ನ ಹೇಳಲ್ಲ, ಎಲ್ಲರೂ ಹೋಗ್ತಾರೆ ಬನ್ನಿ ಅಂತಾರೆ, ನಿಜವಾಗಿ ಎಲ್ಲರೂ ಹೋಗ್ತಾರೆ ಕೂಡ. ಲೆಕ್ಕ ನಿಮ್ಮದು. ನನ್ನ ಅಭಿಪ್ರಾಯ ಕೇಳಿದ್ರೆ ಹೊರಡೋ ಹಿಂದಿನ ರಾತ್ರಿ ಲೆವೆಲ್ ನೋಡಿ, ಒಂದಿದ್ರೆ ಮೆಟ್ಟಿಲ ಬುಡದ ತನಕ ಹೋಗಿ, ಎರಡಿದ್ರೆ ದೇವಸ್ಥಾನದಿಂದ ಈಚೆಗೇ ಸವಾರಿ ಮುಗಿಸಿ, ಮೂರಕ್ಕೆ ಹೋದ್ರೆ ಬಾಲಿಯಲ್ಲೇ ಇನ್ನೆರಡು ದಿನ ಸಮುದ್ರ ನೋಡಿ.

ಕುದುರೆಗೆ ಮೊದಲೇ ಗೊತ್ತಾಗತ್ತೆ ಅನ್ನೋದು. ಇದನ್ನ ನಂಗೆ ಪ್ರತಿ ಭೂಕಂಪ ಆದಾಗ್ಲೂ ಯಾರಾದ್ರೂ ಕೇಳ್ತಾರೆ. ಕುದುರೆಯ ಕಿವಿ, ಮೂಗು ನಮಗಿಂತ ಚುರುಕು, ನೆಲದ ಸಣ್ಣ ನಡುಕಾನೂ ಕಾಲಿಗೆ ಗೊತ್ತಾಗಬಹುದು, ಇದು ಸರಿ. ಆದ್ರೆ ಕುದುರೆ ಗಾಬರಿ ಆಗೋಕೆ ದಿನಕ್ಕೆ ಐವತ್ತು ಕಾರಣ ಇರ್ತವೆ, ಹಾರಿ ಬಂದ ಪ್ಲಾಸ್ಟಿಕ್ಕು, ಜೀಪಿನ ಹಾರ್ನು, ತಲೆ ಮೇಲೆ ಗುಂಯ್ ಅನ್ನೋ ಡ್ರೋನು, ಇದ್ರಲ್ಲಿ ಯಾವ ಗಾಬರಿ ಬೆಟ್ಟದ್ದು ಯಾವುದು ಪ್ಲಾಸ್ಟಿಕ್ಕಿಂದು ಅಂತ ಹೇಳೋ ಡಾಕ್ಟರು ಇನ್ನೂ ಹುಟ್ಟಿಲ್ಲ. ಕುದುರೇನ ಎಚ್ಚರಿಕೆ ಗಂಟೆ ಅಂತ ನಂಬಿ ಹತ್ತಬೇಡಿ.

ಗಂಧಕಕ್ಕೆ ಹುಚ್ಚೆದ್ದು ಓಡೋದೂ ಸುಳ್ಳು. ಆ ಕುದುರೆಗಳು ಅಲ್ಲೇ ಹುಟ್ಟಿ ಅಲ್ಲೇ ಬೆಳೆದವು, ಮಾಥೆರಾನ್ ಕುದುರೆಗೆ ಕೆಂಪು ಧೂಳು ಹೆಂಗೋ ಅವಕ್ಕೆ ಆ ವಾಸನೆ ಹಂಗೆ. ಆದ್ರೆ ವಾಸನೆಗೆ ಹೆದರದೇ ಇದ್ರೂ ಧೂಳು ಅವುಗಳ ಶ್ವಾಸಕೋಶಕ್ಕೆ ಒಳ್ಳೇದೇನಲ್ಲ, ಯಾಕಂದ್ರೆ ಕುದುರೆ ಬಾಯಿಂದ ಉಸಿರಾಡಲ್ಲ, ಮೂಗಿಂದ ಮಾತ್ರ, ಎಳೆದಿದ್ದೆಲ್ಲ ಮೂಗಿಂದಲೇ ಒಳಗೆ.

ಗ್ಯಾಸಿನ ಚಿಂತೆ ಇರಬೇಕಾದ್ದು ಯಜಮಾನ್ರಿಗೆ. ಬೆಟ್ಟದಿಂದ ಬರೋ ಹೊಗೆಯಲ್ಲಿ ಜಾಸ್ತಿ ನೀರಿನ ಆವಿ, ಜೊತೆಗೆ ಸಲ್ಫರ್ ಡೈಆಕ್ಸೈಡ್. ಇದು ಗಾಳಿಗಿಂತ ಎರಡು ಪಟ್ಟು ಭಾರ, ಗಾಳಿ ಬೀಸದೆ ಇದ್ದಾಗ ತಗ್ಗಲ್ಲಿ ಹೋಗಿ ಕೂರತ್ತೆ, ಆರೋಗ್ಯವಾಗಿರೋರಿಗೆ ಗಂಟಲು ಕೆರೆದು ಕೆಮ್ಮು ಬಂದ್ರೆ ಉಬ್ಬಸ ಇರೋರಿಗೆ ಅಷ್ಟೇ ಪ್ರಮಾಣದಲ್ಲಿ ಶ್ವಾಸನಾಳ ಬಿಗಿದುಕೊಳ್ಳತ್ತೆ. ಎನ್-95 ಮಾಸ್ಕ್ ಹಾಕಿದೀವಿ ಅಂತ ಧೈರ್ಯ ಮಾಡ್ತಾರೆ ಜನ, ಅದು ಬೂದಿ ತಡೆಯತ್ತೆ, ಗ್ಯಾಸ್ ತಡೆಯಲ್ಲ. ಧೂಳಿಗೆ ಹಾಕ್ಕೊಳ್ಳಿ, ಹಾಕ್ಕೊಳ್ಳಲೇಬೇಕು, ಆದ್ರೆ ಹೊಗೆ ನಮ್ಮ ಕಡೆ ತಿರುಗಿದ್ರೆ ಮಾಸ್ಕ್ ನಂಬ್ಕೊಂಡು ನಿಲ್ಲಬಾರದು, ಗಾಳಿಗೆ ಅಡ್ಡ ನಡೆದು ಈಚೆ ಬರಬೇಕು. ಪಂಪ್ ಬ್ಯಾಗಲ್ಲಿ ಅಲ್ಲ, ಎದೆ ಜೇಬಲ್ಲಿ, ಚಳಿಗೆ ಪಂಪೂ ತಣ್ಣಗಾಗಿ ಸರಿಯಾಗಿ ಸಿಂಪಡಿಸಲ್ಲ. ಮೆಟ್ಟಿಲು ಸುಮಾರು 250 ಇವೆ, ಕಡಿದಾಗಿವೆ, ಮೇಲೆ ಹೋದಂಗೆ ಗ್ಯಾಸಿಗೆ ಹತ್ತಿರ, ಅವರು ಹತ್ತೋದು ಬೇಡ ಅಂತಲೇ ನಾನು ಹೇಳೋದು. ಇನ್ನೊಂದು, ಈ ಪ್ಯಾಕೇಜುಗಳಲ್ಲಿ ಬ್ರೋಮೋ ಜೊತೆ ಇಜೆನ್ ಅಂತ ಸೇರಿಸಿಬಿಡ್ತಾರೆ, ರಾತ್ರಿ ನೀಲಿ ಬೆಂಕಿ ನೋಡೋ ಜಾಗ, ಅಲ್ಲಿ ಗಂಧಕದ ಗಣಿ ಇದೆ, ಗ್ಯಾಸ್ ಮಾಸ್ಕ್ ಬಾಡಿಗೆಗೆ ಕೊಟ್ಟೇ ಒಳಗೆ ಇಳಿಸ್ತಾರೆ. ನಿಮ್ಮ ಪ್ಯಾಕೇಜಲ್ಲಿ ಅದಿದ್ರೆ ಯಜಮಾನ್ರ ಹೆಸರು ಇವತ್ತೇ ತೆಗೆಸಿ.

ಈಗ ನನ್ನ ಕ್ಷೇತ್ರಕ್ಕೆ ಬರ್ತೀನಿ, ನಿಮ್ಮ ಜೀನು ಜಾರಿದ ಕಥೆ.

ಅಕ್ಕಾವ್ರೇ, ಅವತ್ತು ಕುದುರೆದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ಜೀನನ್ನ ಹಿಡಿದಿಡೋದು ಹೊಟ್ಟೆ ಕೆಳಗಿಂದ ಬರೋ ಒಂದು ಪಟ್ಟಿ, ಕುದುರೆಯವರು ತಂಗ್ ಅಂತಾರೆ. ಬೆಳಿಗ್ಗೆ ತಂಗ್ ಎಳೆಯುವಾಗ ಎಷ್ಟೋ ಕುದುರೆಗಳು ಎದೆ ಉಬ್ಬಿಸಿ ನಿಂತ್ಕೋತವೆ, ಬಿಗಿ ಆಗೋದು ಇಷ್ಟ ಇಲ್ಲ ಅವಕ್ಕೆ, ಐದು ಹತ್ತು ನಿಮಿಷ ನಡೆದ ಮೇಲೆ ಉಸಿರು ಬಿಡ್ತವೆ, ಮೈ ಬಿಸಿ ಆಗತ್ತೆ, ಕೆಳಗಿನ ಕಂಬಳಿ ಒತ್ತಿ ತೆಳ್ಳಗಾಗತ್ತೆ, ಆಗ ಅದೇ ಪಟ್ಟಿ ಎರಡು ಬೆರಳಲ್ಲ, ಪೂರ್ತಿ ಕೈ ಹೋಗೋಷ್ಟು ಸಡಿಲ. ಅಷ್ಟರಲ್ಲಿ ನೀವು ಒಂದು ಕಡೆ ವಾಲಿ ಯಾರಿಗೋ ಫೋನ್ ಕೊಟ್ಟು ಫೋಟೋ ತೆಗಿ ಅಂದಿರ್ತೀರಿ, ಮುಗೀತು. ದೊಡ್ಡ ಕುದುರೆಗೆ ಹೆಗಲ ಮೇಲೆ ಒಂದು ಎಲುಬಿನ ಉಬ್ಬು ಇರತ್ತೆ, ಜೀನು ಅದಕ್ಕೆ ತಗುಲಿ ನಿಲ್ಲತ್ತೆ, ಸಣ್ಣ ಗುಂಡು ಕುದುರೆಗಳಿಗೆ ಆ ಉಬ್ಬು ಅಷ್ಟಾಗಿ ಇರಲ್ಲ, ಮೈ ಡ್ರಮ್ಮಿನ ಥರ, ಜೀನು ಉರುಳಿ ಹೋಗೋದು ಸಲೀಸು. ಬ್ರೋಮೋ ಕುದುರೆಗಳಲ್ಲೂ ಎಷ್ಟೋ ಈ ಥರದ್ದೇ. ಸವಾರನ ತೂಕ ಜಾಸ್ತಿ ಇದ್ದಷ್ಟೂ ಜಾರೋದು ಜಾಸ್ತಿ, ಅದರಲ್ಲೂ ನೆಲದಿಂದ ಒಂದೇ ರಿಕಾಪಿಗೆ, ಅಂದ್ರೆ ಜೀನಿಂದ ನೇತಾಡೋ ಕಾಲಿಡೋ ಬಳೆಗೆ, ಕಾಲಿಟ್ಟು ನೇತಾಡಿ ಹತ್ತಿದ್ರೆ ಹತ್ತೋ ಮೊದಲೇ ಜೀನು ಅರ್ಧ ತಿರುಗಿರತ್ತೆ.

ಅದಕ್ಕೆ ಹತ್ತೋ ಮುಂಚೆ ನೀವೇ ಕೈ ಹಾಕಿ ನೋಡಿ, ನಾಚಿಕೆ ಬೇಡ. ತಂಗ್ ಒಳಗೆ ಎರಡು ಬೆರಳು ಕಷ್ಟಪಟ್ಟು ಹೋಗಬೇಕು, ಪಟ್ಟಿ ಹರಿದು ನೂಲು ಎದ್ದಿದ್ರೆ ಬೇರೆ ಕುದುರೆ ಕೇಳಿ. ಕಲ್ಲೋ ಕಟ್ಟೆಯೋ ಎತ್ತರ ಇರೋ ಕಡೆಯಿಂದ ಹತ್ತಿ, ಆಚೆ ಕಡೆ ರಿಕಾಪನ್ನ ಕುದುರೆಯವನು ಕೆಳಕ್ಕೆ ಒತ್ತಿ ಹಿಡೀಲಿ, ಆಗ ಜೀನು ತಿರುಗಲ್ಲ. ಐದು ನಿಮಿಷ ನಡೆದ ಮೇಲೆ ನಿಲ್ಲಿಸಿ ತಂಗ್ ಮತ್ತೊಮ್ಮೆ ಎಳೆಸಿ, ಮಾಥೆರಾನ್‌ನಲ್ಲಿ ಈ ಒಂದು ಕೆಲಸ ಮಾಡಿದ್ರೆ ನಿಮಗೆ ಆ ಭಯಾನೇ ಇರ್ತಿರಲಿಲ್ಲ. ಭಾಷೆ ಬರಲ್ಲ ಅಂತ ಸುಮ್ಮನಿರಬೇಡಿ, ಪಟ್ಟಿ ತೋರಿಸಿ ಎಳೆಯೋ ಸನ್ನೆ ಮಾಡಿದ್ರೆ ಜಗತ್ತಿನ ಯಾವ ಕುದುರೆಯವನಿಗಾದ್ರೂ ಅರ್ಥ ಆಗತ್ತೆ. ಪೆಲಾನ್ ಪೆಲಾನ್ ಅಂದ್ರೆ ನಿಧಾನ ನಿಧಾನ, ಅದೊಂದು ಬಾಯಿಪಾಠ ಮಾಡ್ಕೊಳ್ಳಿ.

ಮಗ ಹೇಳೋ ಹಗ್ಗದ ವಿಷಯ. ಹಗ್ಗ ಅವರ ಕೈಲಿರೋದು ಒಳ್ಳೇದೇ, ನಿಮಗೆ ಲಗಾಮು ಹಿಡಿಯೋ ಕೆಲಸ ಇಲ್ಲ, ಕುದುರೆ ಅವನ ಜೊತೆ ನಡೆಯತ್ತೆ. ಆದ್ರೆ 250 ಕೆಜಿ ಪ್ರಾಣಿ ನಿಜವಾಗ್ಲೂ ಬೆಚ್ಚಿ ಹಾರಿದ್ರೆ 60 ಕೆಜಿ ಮನುಷ್ಯನ ಕೈಲಿರೋ ಹಗ್ಗ ಅದನ್ನ ನಿಲ್ಲಿಸಲ್ಲ, ದಿಕ್ಕು ತಿರುಗಿಸತ್ತೆ ಅಷ್ಟೇ. ಕುದುರೆಗೆ ಸುತ್ತಲೂ ಕಾಣತ್ತೆ, ಆದ್ರೆ ನೇರ ಬಾಲದ ಹಿಂದೆ ಮತ್ತೆ ಮೂಗಿನ ಮುಂದೆ ಕಾಣಲ್ಲ, ಹಿಂದಿನಿಂದ ಮೋಟರ್‌ಸೈಕಲ್ ನುಗ್ಗಿದ್ರೆ ಮೊದಲು ಹಾರತ್ತೆ ಆಮೇಲೆ ಏನು ಅಂತ ನೋಡತ್ತೆ, ಹುಲಿ ಕಾಲದಿಂದ ಬಂದ ಬುದ್ಧಿ ಅದು. ಅಲ್ಲಿ ಬೆಳಿಗ್ಗೆ ಹೊತ್ತು ಜೀಪುಗಳ ಜಾತ್ರೆ, ಎಲ್ಲರೂ ಪೆನಂಜಕನ್ ಅನ್ನೋ ಬೆಟ್ಟದ ಮೇಲೆ ಸೂರ್ಯೋದಯ ನೋಡಿ ಒಟ್ಟಿಗೇ ಕೆಳಗೆ ಇಳಿದು ಮರಳಿಗೆ ಬರ್ತಾರೆ, ಆ ಒಂದು ಗಂಟೆ ತಪ್ಪಿಸಿ. ಕುದುರೆ ಬೆಚ್ಚಿದ್ರೆ ಕಿರುಚಬೇಡಿ, ಮುಂದೆ ಬಗ್ಗಿ ಕುತ್ತಿಗೆ ತಬ್ಬಿಕೊಳ್ಳಬೇಡಿ, ಎಲ್ಲರೂ ಮಾಡೋ ತಪ್ಪು ಅದೇ, ನೆಟ್ಟಗೆ ಕೂತು ಹಿಮ್ಮಡಿ ಕೆಳಗೊತ್ತಿ, ಒಂದು ಕೈಲಿ ಜೀನಿನ ಮುಂದಿನ ಹಿಡಿ ಇನ್ನೊಂದು ಕೈಲಿ ಜೂಲು ಹಿಡೀರಿ, ಜೂಲು ಎಳೆದ್ರೆ ಅದಕ್ಕೆ ಅಂಥಾ ನೋವಾಗಲ್ಲ. ಹಗ್ಗವನ್ನಾಗಲಿ ಲಗಾಮನ್ನಾಗಲಿ ಕೈಗೆ ಸುತ್ತಿಕೊಳ್ಳಲೇಬೇಡಿ. ರಿಕಾಪಿಗೆ ಪಾದದ ಮುಂಭಾಗ ಮಾತ್ರ ಇಡಿ, ದಪ್ಪ ಹಲ್ಲಿನ ಟ್ರೆಕಿಂಗ್ ಶೂ ಪೂರ್ತಿ ಒಳಗೆ ಹೋಗಿ ಸಿಕ್ಕಿಕೊಂಡ್ರೆ ಬಿದ್ದಾಗ ಕುದುರೆ ಎಳ್ಕೊಂಡು ಹೋಗತ್ತೆ, ಬೀಳೋದಕ್ಕಿಂತ ಎಳೆದಾಡಿಸಿಕೊಳ್ಳೋದೇ ಭಯಂಕರ. ಸೀರೆ ಬೇಡ, ಉದ್ದ ದುಪಟ್ಟಾ ಬೇಡ, ಶಾಲು ಹಾರದಂಗೆ ಒಳಗೆ ಸಿಕ್ಕಿಸಿ. ಹೆಲ್ಮೆಟ್ ಅಲ್ಲಿ ಕೇಳಿದ್ರೆ ನಗ್ತಾರೆ, ನಗಲಿ ಬಿಡಿ. ಸವಾರಿ ಹೆಲ್ಮೆಟ್ ಒಂದು ಇಲ್ಲಿಂದಲೇ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಮೂರೂ ಜನಕ್ಕೆ ಸೈಜ್ ಬೇರೆ ಆದ್ರೆ ಯಾರು ಕುದುರೆ ಹತ್ತೋರೋ ಅವರಿಗೆ.

ಯಾರು ಹತ್ತೋರು ಅನ್ನೋದೇ ಈಗಿನ ಪ್ರಶ್ನೆ, ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕುದುರೆ ತನ್ನ ಮೈ ತೂಕದ ಐದನೇ ಒಂದು ಭಾಗ, ಅಂದ್ರೆ 20 ಪರ್ಸೆಂಟು ಹೊರಬಹುದು ಅನ್ನೋದು ನಾವು ಇಟ್ಕೊಂಡಿರೋ ಅಂದಾಜು. 2008ರಲ್ಲಿ ಅಮೆರಿಕದ ಓಹಾಯೋದಲ್ಲಿ ಎಂಟು ಕುದುರೆಗಳ ಮೇಲೆ 15, 20, 25, 30 ಪರ್ಸೆಂಟ್ ಭಾರ ಹೊರಿಸಿ ಪರೀಕ್ಷೆ ಮಾಡಿದ್ರು, 25ಕ್ಕೆ ಬಂದ ಮೇಲೆ ಎದೆಬಡಿತ, ಉಸಿರು, ಮಾಂಸಖಂಡದ ನೋವು ಎಲ್ಲಾ ಏರಿತು. ಭಾರ ಅಂದ್ರೆ ನೀವು ಮಾತ್ರ ಅಲ್ಲ, ಜೀನು, ಜಾಕೆಟ್ಟು, ಶೂ, ಕ್ಯಾಮರಾ ಎಲ್ಲ ಸೇರಿ. ಅಲ್ಲಿನ ಜಾವಾ ತಳಿ ಕುದುರೆ ನಮ್ಮ ರೇಸ್‌ಕೋರ್ಸ್ ಕುದುರೆಯ ಅರ್ಧದಷ್ಟು, ನಾನು ಕಣ್ಣಂದಾಜಲ್ಲಿ ಹೇಳೋದಾದ್ರೆ 230ರಿಂದ 280 ಕೆಜಿ. 250 ಹಿಡಿಯೋಣ, ಐದನೇ ಒಂದು ಭಾಗ ಅಂದ್ರೆ 50 ಕೆಜಿ. ಯಜಮಾನ್ರು 88, ಜೀನು ಬಟ್ಟೆ ಬರೆ 12 ಸೇರಿ 100 ಕೆಜಿ, ಅಂದ್ರೆ 40 ಪರ್ಸೆಂಟು. ನಿಮ್ಮದು 71 ಆಗತ್ತೆ, 28 ಪರ್ಸೆಂಟು.

ಅಂದ್ರೆ ಕಟ್ಟುನಿಟ್ಟಾಗಿ ನೋಡಿದ್ರೆ ನೀವೂ ಜಾಸ್ತಿನೇ, ಬೇಜಾರು ಮಾಡ್ಕೋಬೇಡಿ. ಆದ್ರೆ ಗಿಡ್ಡ ಕಾಲಿನ, ಅಗಲ ಬೆನ್ನಿನ, ದಪ್ಪ ಎಲುಬಿನ ಕುದುರೆಗಳು ತಮ್ಮ ಗಾತ್ರಕ್ಕೆ ಸ್ವಲ್ಪ ಜಾಸ್ತಿ ಹೊರ್ತವೆ, ಓಟ ಇಲ್ಲ, ನಡಿಗೆ, ದೂರಾನೂ ಒಂದೆರಡು ಕಿಲೋಮೀಟರ್, ಹಂಗಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳೋದು ಇಂಥಾ ಕುದುರೆಗೆ 60-62 ಕೆಜಿ ಮನುಷ್ಯ ಮೇಲ್ಮಿತಿ ಅಂತ, ಅದೂ ಸಮತಟ್ಟು ನೆಲದಲ್ಲಿ. ಸಡಿಲ ಬೂದಿಯಲ್ಲಿ ಕಾಲು ಹೂತು ಹೂತು ಎತ್ತಬೇಕು, ಅದರ ಶ್ರಮ ಗಟ್ಟಿ ರಸ್ತೆಗಿಂತ ಎಷ್ಟೋ ಪಾಲು ಹೆಚ್ಚು. ಯಜಮಾನ್ರು ಹತ್ತಬಾರದು. ದೊಡ್ಡ ಕುದುರೆ ಕೊಡ್ತೀವಿ ಅಂತಾರೆ, ಅಲ್ಲಿ ದೊಡ್ಡದು ಅಂದ್ರೆ ಎರಡು ಬೆರಳು ಎತ್ತರ ಜಾಸ್ತಿ ಅಷ್ಟೇ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸ್ಟೆಂಟ್ ಹಾಕಿದವ್ರಿಗೆ ರಕ್ತ ತೆಳುವಾಗಿಸೋ ಮಾತ್ರೆ ನಡೀತಾ ಇರತ್ತೆ, ಆ ಮಾತ್ರೆ ತಗೊಳ್ಳೋರು ಕುದುರೆಯಿಂದ ಬಿದ್ದು ತಲೆ ತಗುಲಿದ್ರೆ ಹೊರಗೆ ಏನೂ ಕಾಣದೆ ಒಳಗೆ ರಕ್ತ ಸೋರಬಹುದು, ಅಲ್ಲಿಂದ ದೊಡ್ಡ ಆಸ್ಪತ್ರೆ ಅಂದ್ರೆ ಬೆಟ್ಟ ಇಳಿದು ಗಂಟೆಗಟ್ಟಲೆ ದಾರಿ. ಕುದುರೆ ಹತ್ತೋಕೆ ಅಂತ ಆ ಮಾತ್ರೇನ ಎರಡು ದಿನ ಬಿಡೋ ಬುದ್ಧಿವಂತರನ್ನೂ ನೋಡಿದೀನಿ, ಅದು ಬೀಳೋದಕ್ಕಿಂತ ಅಪಾಯ, ಡಾಕ್ಟರು ಹೇಳದೆ ಒಂದು ಮಾತ್ರೇನೂ ಬಿಡಬಾರದು. ಇನ್ಶೂರೆನ್ಸ್ ಪಾಲಿಸೀನೂ ತೆಗೆದು ಓದಿ, ಕುದುರೆ ಸವಾರಿಯನ್ನ ಸಾಹಸ ಕ್ರೀಡೆ ಅಂತ ಹೊರಗಿಟ್ಟಿರೋ ಪಾಲಿಸಿಗಳಿವೆ, ಮೊದಲೇ ಇರೋ ಕಾಯಿಲೆ ಕಾಲಂನಲ್ಲಿ ಸ್ಟೆಂಟ್ ಬರೆಸಿದೀರಾ ಅನ್ನೋದೂ ನೋಡಿ.

ಪಾಪದ ವಿಷಯಕ್ಕೆ ಉದ್ದ ಉತ್ತರ ಇದೆ, ಗಿಡ್ಡ ಮಾಡ್ತೀನಿ. ಮುಂಬೈಲಿ ವಿಕ್ಟೋರಿಯಾ ಕುದುರೆ ಗಾಡಿ ನೆನಪಿರಬೇಕು, 2015ರಲ್ಲಿ ಹೈಕೋರ್ಟ್ ಬೇಡ ಅಂದಿತು, ಟಾರ್ ರಸ್ತೆ, ಟ್ರಾಫಿಕ್ಕು, ಸರಿಯಾದ ಲಾಯ ಇಲ್ಲ, ಆ ಕುದುರೆಗಳ ಸ್ಥಿತಿ ನೋಡಿದ ನಂಗೆ ತೀರ್ಪು ಸರಿ ಅನಿಸಿತ್ತು. ಆದ್ರೆ ಹತ್ತೋದೇ ಪಾಪ ಅಂತ ನಾನು ಒಪ್ಪಲ್ಲ, ಒಪ್ಪಿದ್ರೆ ನಂಗೆ ಕೆಲಸ ಇರಲ್ಲ ಅನ್ನೋದು ಬೇರೆ ಮಾತು. ತೆಂಗರ್ ಹಳ್ಳಿಯವನಿಗೆ ಆ ಕುದುರೆ ಅಂದ್ರೆ ಮನೆ ದುಡಿಮೆ, ಚೆನ್ನಾಗಿ ನೋಡ್ಕೊಳ್ಳೋರು ಬಹಳ ಜನ, ನೋಡ್ಕೊಳ್ಳದೇ ಇರೋರೂ ಇದಾರೆ. ನೀವು ಆರಿಸಿ ಹತ್ತಿ. ಹತ್ತಿರ ಹೋದ ತಕ್ಷಣ ಕಿವಿ ಹಿಂದಕ್ಕೆ ಚಪ್ಪಟೆ ಮಾಡ್ಕೊಂಡಿದ್ರೆ ಅದು ಸಿಟ್ಟಲ್ಲೋ ನೋವಲ್ಲೋ ಇದೆ. ಜೀನಿನ ಅಂಚಲ್ಲಿ, ತಂಗ್ ಉಜ್ಜೋ ಜಾಗದಲ್ಲಿ ಹಸಿ ಗಾಯ ಇದೆಯಾ ಬಗ್ಗಿ ನೋಡಿ, ಪಕ್ಕೆಲುಬು ಎಣಿಸೋಕೆ ಆಗ್ತಿದೆಯಾ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಪ್ರತಿ ಹೆಜ್ಜೆಗೂ ತಲೆ ಕೆಳಗೆ ಮೇಲೆ ಆದ್ರೆ ಕುಂಟ್ತಾ ಇದೆ ಅಂತ ಅರ್ಥ. ಇಂಥಾ ಕುದುರೆ ಬೇಡ ಅನ್ನಿ, ಗಾಯ ತೋರಿಸಿ ಬೇಡ ಅನ್ನಿ, ಅದೇ ಕಾರಣಕ್ಕೆ ಹತ್ತು ಜನ ಬೇಡ ಅಂದ್ರೆ ಮಾಲೀಕ ಮಾರನೇ ದಿನ ಕುದುರೆಗೆ ರಜೆ ಕೊಡ್ತಾನೆ, ಮಾಥೆರಾನ್‌ನಲ್ಲಿ ಇದು ನಡೆದಿದ್ದು ನೋಡಿದೀನಿ.

ಹಂಗಾದ್ರೆ ಏನು ಮಾಡೋದು. ನನ್ನ ಕೇಳಿದ್ರೆ, ಯಜಮಾನ್ರು ಜೀಪ್ ನಿಲ್ಲೋ ಜಾಗದಿಂದ ನಿಧಾನಕ್ಕೆ ದೇವಸ್ಥಾನದ ತನಕ ನಡೀಲಿ, ನೆಲ ಸಮತಟ್ಟಾಗಿದೆ, ಧೂಳು ಎದ್ರೆ ವಾಪಸ್ ಜೀಪಿಗೆ. ನೀವು ಕುದುರೆ ಮೇಲೆ ಅದೇ ವೇಗದಲ್ಲಿ ಅವರ ಪಕ್ಕ ಬನ್ನಿ, ಹೆಂಗೂ ನಡಿಗೆನೇ. ಮಗನ ತೂಕ ನೀವು ಬರೆದಿಲ್ಲ, 62 ದಾಟಿದ್ರೆ ಅವನೂ ಅಪ್ಪನ ಜೊತೆ ನಡೀಲಿ, ವಯಸ್ಸಿದೆ, ಏನಾಗಲ್ಲ. ಕಟ್ಟಿದ ದುಡ್ಡು ಹೋಗತ್ತೆ ಅಂತ ಹತ್ತಬೇಡಿ, ಕುದುರೆಯವನಿಗೆ ದುಡ್ಡು ಕೊಟ್ಟು ಸುಮ್ಮನೆ ಜೊತೆಗೆ ಕರ್ಕೊಂಡು ನಡೆದ್ರೂ ಅವನಿಗೆ ಸಂತೋಷಾನೇ. ಮೆಟ್ಟಿಲು ಹತ್ತೋ ಆಸೆ ನಿಮಗಿದ್ರೆ ಲೆವೆಲ್ ಒಂದಿದ್ದ ದಿನ ಮಾತ್ರ, ವಾಪಸ್ ಬರೋ ಸವಾರಿಯ ದರ ಹತ್ತೋ ಮೊದಲೇ ಮಾತಾಡಿ, ಸುಸ್ತಾಗಿ ಕೆಳಗಿಳಿದು ಬಂದಾಗ ಚೌಕಾಶಿ ಮಾಡೋ ಶಕ್ತಿ ಯಾರಿಗೂ ಇರಲ್ಲ. ಪೂರ್ತಿ ಕುದುರೆ ಬೇಡ ಅನಿಸಿದ್ರೂ ನಷ್ಟ ಏನಿಲ್ಲ, ಪೆನಂಜಕನ್ ಮೇಲಿಂದ ಕಾಣೋದೇ ಆ ಜಾಗದ ಅತಿ ಚಂದದ ನೋಟ, ಅಲ್ಲಿಗೆ ಜೀಪೇ ಹೋಗತ್ತೆ. ಹಾಂ, ಅಲ್ಲಿ ಹುಲ್ಲುಗಾವಲಲ್ಲಿ ಪಟಾಕಿ ಗಿಟಾಕಿ ಮುಟ್ಟಬೇಡಿ ದೀಪಾವಳಿ ಅಂತ, 2023 ಸೆಪ್ಟೆಂಬರಲ್ಲಿ ಯಾರದೋ ಪ್ರೀ-ವೆಡ್ಡಿಂಗ್ ಫೋಟೋಶೂಟಿನ ಫ್ಲೇರಿಂದ ಬೆಟ್ಟದ ಹುಲ್ಲೆಲ್ಲಾ ಹತ್ತಿ ಉರಿದು ಪಾರ್ಕೇ ಮುಚ್ಚಬೇಕಾಗಿತ್ತು.

ದೀಪಾವಳಿ ಹೊತ್ತಿಗೆ ಅಲ್ಲಿ ಮಳೆ ಶುರು ಆಗೋ ಕಾಲ, ಒಂದೆರಡು ಮಳೆ ಬಿದ್ದಿದ್ರೆ ನಿಮ್ಮ ಅದೃಷ್ಟ, ಬೂದಿ ಕೂತ್ಕೊಂಡು ನೆಲ ಗಟ್ಟಿ ಆಗಿರತ್ತೆ, ಕುದುರೆಗೂ ಹಗುರ ನಿಮ್ಮ ಮೂಗಿಗೂ ಹಗುರ.

ಹೋಗೋ ಮೊದಲು ಒಂದು ಭಾನುವಾರ ಪಂಚಗಣಿ ಟೇಬಲ್ ಲ್ಯಾಂಡಿಗೆ ಹೋಗಿ ಬನ್ನಿ, ಮಾಥೆರಾನ್ ಬೇಡ, ಅಲ್ಲಿ ಇಳಿಜಾರು ಕಲ್ಲು, ಹಳೇ ಭಯ ಬೇರೆ. ಟೇಬಲ್ ಲ್ಯಾಂಡ್ ಹೆಸರಿಗೆ ತಕ್ಕಂಗೆ ಚಪ್ಪಟೆ, ಹತ್ತು ನಿಮಿಷ ನಡಿಗೆಯಲ್ಲಿ ಕೂತು ಇಳೀರಿ. ನೋಡಬೇಕಾದ್ದು ಎರಡೇ, ನಿಮ್ಮ ಕೈಯಿಂದ ತಂಗ್ ಪರೀಕ್ಷೆ ಮಾಡೋಕೆ ಬಂತಾ, ಮತ್ತೆ ಇಳಿಯುವಾಗ ಎರಡೂ ಕಾಲು ರಿಕಾಪಿಂದ ಬಿಡಿಸಿ ಆಮೇಲೆ ಜಾರಿದ್ರಾ, ಯಾಕಂದ್ರೆ ನಾನು ನೋಡಿದ ಟೂರಿಸ್ಟ್ ಪೆಟ್ಟುಗಳಲ್ಲಿ ಜಾಸ್ತಿ ಆಗಿರೋದು ಸವಾರಿ ಮಧ್ಯೆ ಅಲ್ಲ, ಮುಗೀತಲ್ಲ ಅಂತ ಒಂದು ಕಾಲು ಸಿಕ್ಕಿಸಿಕೊಂಡೇ ಇಳಿಯುವಾಗ. ಮರುದಿನ ತೊಡೆ ಒಳಭಾಗ ನೋಯತ್ತೆ, ಅದು ಎಲ್ಲರಿಗೂ ನೋಯತ್ತೆ. ಸೊಂಟ ಹಿಡ್ಕೊಂಡ್ರೆ ಅಥವಾ ಮಂಡಿ ಬಾತುಕೊಂಡ್ರೆ ಬ್ರೋಮೋದಲ್ಲೂ ಹಂಗೇ ಆಗತ್ತೆ, ಆಗ ನೀವೂ ಯಜಮಾನ್ರ ಜೊತೆ ನಡೀರಿ. ಮಗನ ತೂಕ ಎಷ್ಟು ಅಂತ ಶೂ ಜಾಕೆಟ್ ಸಮೇತ ನೋಡಿ ಬರೀರಿ, ಅವನದೂ ಲೆಕ್ಕ ಹಾಕಿ ಹೇಳ್ತೀನಿ.